ನನ್ನ ಎರಡು ಫೋನುಗಳ ಆಪರೇಟಿಂಗ್ ಸಿಸ್ಟಂಗಳಿಗೆ ದರ್ಜಿಯ ಬಿನ್ನಹ

ನನ್ನ ಹಳೆಯ ಮತ್ತು ಹೊಸ ಫೋನುಗಳಲ್ಲಿ ಸುಖವಾಗಿ ನೆಲೆಸಿರುವ ಆಪರೇಟಿಂಗ್ ಸಿಸ್ಟಂಗಳಾದ ಮಾನ್ಯರಿಬ್ಬರಿಗೂ ಹೊಲಿಗೆ ಅಂಗಡಿಯ ಒಡತಿಯ ನಮಸ್ಕಾರಗಳು. ತಮ್ಮ ಬ್ಯಾಟರಿ ಸದಾ ತುಂಬಿರಲಿ.

ಹಳೆಯ ಫೋನಿನವರೇ, ತಮ್ಮ ಶಿಸ್ತಿಗೆ ಮೊದಲು ಕೈಮುಗಿಯುತ್ತೇನೆ. ಗಿರಾಕಿಯ ಅಳತೆಯನ್ನು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ದಾಟಿಸಲು ತಾವು ‘ಅನುಮತಿಸುವಿರಾ?’ ಎಂದು ಎಷ್ಟು ಸಲ ಕೇಳುತ್ತೀರೆಂದರೆ, ನನ್ನ ಮದುವೆಯಲ್ಲೂ ಯಾರೂ ನನ್ನನ್ನು ಅಷ್ಟು ಕೇಳಿರಲಿಲ್ಲ.

ಹೊಸ ಫೋನಿನವರೇ, ತಮ್ಮದು ಎಲ್ಲೆಯಿಲ್ಲದ ಔದಾರ್ಯ. ಯಾವ ಆ್ಯಪ್ ಯಾವುದರ ಹೆಗಲ ಮೇಲೆ ಕೈ ಹಾಕಿದರೂ ತಮ್ಮ ಅಡ್ಡಿಯಿಲ್ಲ. ಹೊಲಿಗೆ ಯಂತ್ರದ ಸದ್ದು ಕೇಳಿದೊಡನೆ, ಬಂದ ಸಂದೇಶಗಳಿಗೆಲ್ಲ ‘ಇನ್ನೂ ಆಗಿಲ್ಲ, ಮುಂದಿನ ವಾರ ವಿಚಾರಿಸಿ’ ಎಂದು ತಾವೇ ಉತ್ತರಿಸುವಂತೆ ನನ್ನ ಮೈದುನ ಏರ್ಪಾಡು ಮಾಡಿಕೊಟ್ಟಾಗ, ದರ್ಜಿಗಳ ಕುಲಧರ್ಮವನ್ನು ಅರಿತ ಯಂತ್ರ ಕೊನೆಗೂ ಹುಟ್ಟಿತೆಂದು ಹಿಗ್ಗಿದ್ದೆ.

ಆದರೆ ಮಾನ್ಯರೇ, ಮೊನ್ನೆ ಬರೆದವಳು ಗಿರಾಕಿಯಲ್ಲ, ನನ್ನ ಅಕ್ಕ. ಅಂಗಿಯ ತೋಳು ಬಿಗಿಯಾಯಿತೆಂದು ಅವಳೂ, ಅಂಗಿ ಸರಿಯಾಗಿಯೇ ಇದೆ, ದಪ್ಪಗಾದದ್ದು ನಿನ್ನ ತೋಳೆಂದು ನಾನೂ ಮಾತಿಗೆ ಮಾತು ಬೆಳೆಸಿ, ಕೊನೆಗೆ ಮಾತನ್ನೇ ಬಿಟ್ಟಿದ್ದೆವು. ಅಂಥ ಬಿಗುಮಾನದವಳು, ನಾನು ಹೊಲಿಯುತ್ತಿದ್ದಾಗ, ತಾನಾಗಿಯೇ ‘ಕೋಪ ಇಳೀತೇನೇ?’ ಎಂದು ಕೇಳಿದರೆ, ತಾವು ‘ಇನ್ನೂ ಆಗಿಲ್ಲ, ಮುಂದಿನ ವಾರ ವಿಚಾರಿಸಿ’ ಎಂದಿರಿ. ‘ಆಯ್ತಮ್ಮ’ ಎಂದಳು. ಅದಕ್ಕೂ ತಾವು ಅದನ್ನೇ ಹೇಳಿದಿರಿ. ಅವಳು ಆ ನಂಬರನ್ನೇ ಬ್ಲಾಕ್ ಮಾಡಿದಳು. ನಾನು ಗಾಬರಿಯಿಂದ ಹಳೆಯ ಫೋನಿನಲ್ಲಿ ‘ತಪ್ಪಾಯ್ತು ಅಕ್ಕಾ’ ಎಂದು ಬರೆದು ಕಳಿಸಹೋದರೆ, ಅಲ್ಲಿನ ಮಾನ್ಯರು ಮೊದಲು ಪಾಸ್‌ವರ್ಡ್, ಆಮೇಲೆ ಬೆರಳಚ್ಚು, ಆಮೇಲೆ ಅಪ್‌ಡೇಟ್ ಬೇಡಿ ಮಲಗಿಬಿಟ್ಟರು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಆದ್ದರಿಂದ ಹಳಬರ ಸಂಕೋಚದಲ್ಲಿ ಕಾಲುಭಾಗವನ್ನು ಹೊಸಬರಿಗೆ ಧಾರೆಯೆರೆದು, ನನಗೆ ಸಿಟ್ಟು ಬಂದಾಗ ಮಾತ್ರ ‘ಅನುಮತಿಸುವಿರಾ?’ ಎಂದು ಕೇಳುವ, ಅಕ್ಕನ ಹೆಸರು ಕಂಡೊಡನೆ ಯಂತ್ರ ನಿಲ್ಲಿಸಿ ನನ್ನ ಕಿವಿ ಹಿಂಡುವ ಸೌಲಭ್ಯವನ್ನು ತಾವಿಬ್ಬರೂ ಕೂಡಿ ದಯಪಾಲಿಸಬೇಕು. ಅದು ಬರುವ ತನಕ ಕಾಯಲಾರೆ; ಸಂಜೆ ನಾನೇ ಹೋಗಿ ಅವಳ ಬಾಗಿಲು ತಟ್ಟುತ್ತೇನೆ.

ಇಬ್ಬರನ್ನೂ ತಪ್ಪದೆ ಚಾರ್ಜಿಗಿಡುವ,
ತಮ್ಮ ವಿಶ್ವಾಸಿ,
ದರ್ಜಿ

ತಾ.ಕ.: ಹೋಗಿದ್ದೆ. ತಟ್ಟಲೋ ಬೇಡವೋ ಎಂದು ಬಾಗಿಲೆದುರು ನಿಂತಿದ್ದಾಗ, ಆ ಹೊತ್ತಿನಲ್ಲಿ ನಾನು ಮನೆಗೇ ಹೋಗಬೇಕೆಂದು ತಾವಾಗಿಯೇ ತೀರ್ಮಾನಿಸಿ ಮ್ಯಾಪ್ ತೆರೆದಿದ್ದ ಹೊಸ ಫೋನಿನವರು ‘ನೀವು ದಾರಿ ತಪ್ಪಿದ್ದೀರಿ, ಹಿಂದಿರುಗಿ’ ಎಂದು ಚೀಲದೊಳಗಿಂದ ಬೀದಿಗೆಲ್ಲ ಕೇಳುವಂತೆ ಸಾರಿದರು. ಕಿಟಕಿಯಲ್ಲಿ ಅಕ್ಕನ ಮುಖ ಕಂಡಿತು. ‘ಆ ದರಿದ್ರದ ಮಾತು ಕೇಳ್ಬೇಡ, ಒಳಗೆ ಬಾ’ ಎಂದು ಚಿಲಕ ತೆಗೆದಳು.