ಬೇಸಿಗೆ ಟೈರಿನ ಮೇಲೆ ಸ್ನೋ ಮೋಡ್

ಶಿಶುವಿಹಾರದ ಜಾಗ ಕೈತಪ್ಪಿದರೆ? ಈ ಒಂದು ಪ್ರಶ್ನೆ ಲೊರಿಯಾನಳ ತಲೆಯೊಳಗೆ ಚಾಪೆ ಹಾಸಿಕೊಂಡು ಕೂತುಬಿಟ್ಟಿತ್ತು. ಹಲ್ಲುಜ್ಜುವಾಗ ಅದೇ, ಮಗುವಿನ ಬಾಟಲಿ ತೊಳೆಯುವಾಗ ಅದೇ. ಕನಸಿನಲ್ಲಂತೂ ಶಿಶುವಿಹಾರದ ನಿರ್ದೇಶಕಿ ಖುದ್ದಾಗಿ ಬಂದು, "ಮುಂದಿನವರು ಬನ್ನಿ!" ಎಂದು ಕೂಗಿ ಹೋಗುತ್ತಿದ್ದಳು. ಹೆದರದೆ ಇರುವುದು ಹೇಗೆ? ಶಿಕೂತಿಮಿ ಊರಿನಲ್ಲಿ ಮದುವೆಗೆ ಗಂಡು ಸಿಗಬಹುದು, ನದಿ ಕಾಣುವ ಬಾಡಿಗೆ ಮನೆಯೂ ಸಿಗಬಹುದು, ಶಿಶುವಿಹಾರದಲ್ಲಿ ಮಾತ್ರ ಜಾಗ ಸಿಗುವುದಿಲ್ಲ! ಮಗಳು ರೊಮಾನ್ ಹೊಟ್ಟೆಯಲ್ಲಿ ಕಡಲೆಕಾಳಿನಷ್ಟಿದ್ದಾಗ ಬರೆಸಿದ ಹೆಸರಿಗೆ, ಮಗುವಿಗೆ ಕೆಳಗಿನ ಎರಡು ಹಲ್ಲು ಬಂದ ಮೇಲೆ ಕರೆ ಬಂದಿತ್ತು. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಗುವಿನ ಜೊತೆ ಬಂದು ಸಹಿ ಹಾಕಬೇಕು. ಬಾರದಿದ್ದರೆ ಜಾಗ ಮುಂದಿನವರಿಗೆ.

ಜಾಗ ಹೋದರೆ ಮುಂದೇನೆಂಬುದೂ ಲೊರಿಯಾನಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಜನವರಿಗೆ ಅವಳ ಹೆರಿಗೆ ರಜೆ ಮುಗಿಯುತ್ತದೆ. ಗಂಡ ತಿಯೆರಿ ಉತ್ತರದ ಅಣೆಕಟ್ಟಿನ ಕೆಲಸಕ್ಕೆ ಹೋದರೆ ಬರುವುದು ಎರಡು ವಾರಕ್ಕೆ. ಅಂದಮೇಲೆ ಮಗು ಹೋಗುವುದು ಅತ್ತೆ ಫೆರ್ನಾಂದ್ ಅವರ ಮಡಿಲಿಗೆ! ಬೆಳಗಿನಿಂದ ಸಂಜೆವರೆಗೆ ಅಜ್ಜಿಯ ಕಾಳಿನ ಸೂಪು ಕುಡಿದು, ಅಜ್ಜಿಯ ಮಾತು ಕಲಿತು, ಸಂಜೆ ಕರೆದೊಯ್ಯಲು ಬಂದ ತಾಯಿಯನ್ನೇ "ಯಾರಮ್ಮ ನೀನು?" ಎಂದು ಅದು ಕೇಳುವುದು ಖಂಡಿತ.

ಇಷ್ಟು ಸಾಲದೆಂಬಂತೆ ಬುಧವಾರ ರಾತ್ರಿ ಆ ವರ್ಷದ ಮೊದಲ ಹಿಮ ಸುರಿಯಿತು. ನವೆಂಬರ್ ಇನ್ನೂ ಕಣ್ಣೇ ಬಿಟ್ಟಿರಲಿಲ್ಲ! ಶಿಶುವಿಹಾರವೋ, ಚರ್ಚಿನ ಬೀದಿಯ ಏರಿನ ತುತ್ತತುದಿಯಲ್ಲಿ. ಆ ಏರನ್ನು ಹತ್ತುವಾಗ ಬೇಸಿಗೆಯಲ್ಲೇ ಸೈಕಲ್ಲಿನವರು ದೇವರನ್ನು ನೆನೆಯುತ್ತಾರೆ.

ಬೆಳಿಗ್ಗೆ ಕಾಫಿಗೆ ಮೊದಲೇ ಅತ್ತೆಯ ಫೋನು.

"ಏನೇ ಹುಡುಗಿ, ಹಿಮ ಕಚ್ಚಿ ಹಿಡಿಯೋ ಚಳಿಗಾಲದ ಟೈರು ಹಾಕಿಸಿದ್ಯಾ?"

"ಗ್ಯಾರೇಜಿನವರು ತಿಂಗಳ ಕೊನೇಲಿ ಬನ್ನಿ ಅಂದಿದ್ದಾರೆ ಅತ್ತೆ. ಊರಿಗೆ ಊರೇ ಫೋನ್ ಮಾಡ್ತಿದೆಯಂತೆ."

"ಊರಿಗೆ ಈಗ ನೆನಪಾಯ್ತು. ನಾನು ಸೆಪ್ಟೆಂಬರಲ್ಲೇ ಹೇಳಿಟ್ಟಿದ್ದೆ. ಹಿತ್ತಿಲಲ್ಲಿ ಟೊಮೇಟೊ ಇನ್ನೂ ಕೆಂಪಾಗಿರ್ಲಿಲ್ಲ!"

"ಕಾನೂನೇ ಡಿಸೆಂಬರ್ ಒಂದರ ತನಕ ಟೈಮ್ ಕೊಟ್ಟಿದೆಯಲ್ಲ ಅತ್ತೆ?"

"ಕಾನೂನು ಕೊಟ್ಟಿರುತ್ತೆ ಕಣೇ, ಹಿಮ ಅದನ್ನ ಓದಿರ್ಬೇಕಲ್ಲ! ಇರು, ನಾನೇ ಬಂದು ಇಬ್ಬರನ್ನೂ ಹತ್ತಿಸ್ಕೊಂಡು ಹೋಗ್ತೀನಿ."

ಲೊರಿಯಾನಳ ಬೆನ್ನು ನೆಟ್ಟಗಾಯಿತು. ಅತ್ತೆಯ ಕಾರಿನಲ್ಲಿ, ಅತ್ತೆಯ ಪಕ್ಕದಲ್ಲಿ, ಅತ್ತೆಯ ಮೊಮ್ಮಗಳ ತಾಯಿಯಾಗಿ ಶಿಶುವಿಹಾರಕ್ಕೆ ಹೋಗುವುದೇ? ಮಾಂಟ್ರಿಯಲ್‌ನಲ್ಲಿ ಓದಿದವಳು, ಬಸ್ಸು ಮೆಟ್ರೋಗಳಲ್ಲಿ ಬೆಳೆದವಳು, ಚಳಿಗಾಲದಲ್ಲಿ ಇವಳ ಕೈಯಲ್ಲಿ ಏನಾಗುತ್ತೆ ಎಂದು ಈ ಊರು ಮದುವೆಯ ದಿನದಿಂದ ಕಾದು ಕೂತಿದೆ. ಇವತ್ತು ತೋರಿಸಿಯೇ ಬಿಡಬೇಕು!

"ಬೇಡಿ ಅತ್ತೆ. ನಮ್ಮ ಕಾರಲ್ಲಿ ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಇದೆ. ಜೊತೆಗೆ ಸ್ನೋ ಮೋಡ್ ಇದೆ. ಗುಂಡಿ ಒತ್ತಿದ್ರೆ ಆಯ್ತು, ಮಿಕ್ಕಿದ್ದನ್ನ ಅದೇ ನೋಡ್ಕೊಳ್ಳುತ್ತೆ."

"ಗುಂಡಿ," ಎಂದಷ್ಟೇ ಅಂದು ಅತ್ತೆ ಫೋನಿಟ್ಟರು.

ಆ ಗುಂಡಿಯನ್ನು ಲೊರಿಯಾನಳಿಗೆ ತೋರಿಸಿದ್ದು ಕಾರಿನ ಅಂಗಡಿಯ ಹುಡುಗ, ಜೂನ್ ತಿಂಗಳ ಸುಡು ಬಿಸಿಲಿನಲ್ಲಿ. ಅವನು ಐಸ್‌ಕ್ರೀಮ್ ನೆಕ್ಕುತ್ತಾ, "ಮೇಡಂ, ಇದೊಂದಿದ್ರೆ ಚಳಿಗಾಲ ಅನ್ನೋದೇ ಇಲ್ಲ" ಎಂದಿದ್ದ. ಅವಳು ನಂಬಿದ್ದಳು. ಅಂಥ ಬಿಸಿಲಿನಲ್ಲಿ ಯಾರಾದರೂ ನಂಬುತ್ತಿದ್ದರು!

ರೊಮಾನಳನ್ನು ಮೂರು ಪದರ ಉಣ್ಣೆಯಲ್ಲಿ ಸುತ್ತಿ ಹಿಂದಿನ ಸೀಟಿಗೆ ಬಿಗಿದು, ಲೊರಿಯಾನ್ ಗುಂಡಿ ಒತ್ತಿದಳು. ಎದುರಿನ ಫಲಕದಲ್ಲಿ ಪುಟ್ಟ ಹಿಮದ ಹೂವೊಂದು ಅರಳಿತು. ಆಹಾ! ಕಾರು ಮದುಮಗಳ ಹಾಗೆ ಮೆಲ್ಲಗೆ ಹೆಜ್ಜೆಯಿಟ್ಟಿತು. ಸಮತಟ್ಟು ರಸ್ತೆಯಲ್ಲಿ ಒಂದು ಜಾರಿಲ್ಲ, ಒಂದು ಕುಲುಕಿಲ್ಲ. ತಾನು ಹಿಮಯುಗವನ್ನೇ ಗೆದ್ದು ಹೊರಟ ಮಹಾರಾಣಿ ಎನ್ನಿಸಿತು ಅವಳಿಗೆ. ಹಿಂದೆ ಯಾವುದೋ ಕಾರಿನ ದೀಪಗಳು ದೂರ ಕಾಯ್ದುಕೊಂಡು ಬರುತ್ತಿದ್ದವು. ಬರಲಿ, ನೋಡಿ ಕಲಿಯಲಿ!

ಚರ್ಚಿನ ಬೀದಿ ಬಂತು. ಏರು ಶುರುವಾಯಿತು.

ಮೊದಲ ಕಾಲುಭಾಗ ಭೇಷಾಗಿ ಹತ್ತಿತು. ಅರ್ಧಕ್ಕೆ ಬಂದಾಗ ಕಾರು ಯಾಕೋ ಯೋಚನೆಗೆ ಬಿತ್ತು. ಲೊರಿಯಾನ್ ಆಕ್ಸಿಲರೇಟರ್ ಒತ್ತಿದಳು. ಕಾರು ನಿಟ್ಟುಸಿರು ಬಿಟ್ಟಿತು. ಇನ್ನಷ್ಟು ಒತ್ತಿದಳು. ಚಕ್ರ ಸುಮ್ಮನೆ ಸುತ್ತದಂತೆ ತಡೆಯುವುದೇ ಸ್ನೋ ಮೋಡಿನ ಧರ್ಮವಲ್ಲವೇ? ಅದು ತನ್ನ ಧರ್ಮವನ್ನು ಚಾಚೂ ತಪ್ಪದೆ ಪಾಲಿಸಿತು. ಚಕ್ರ ಜಾರಿತೋ, ಬಲ ಕಡಿತ! ಮತ್ತೆ ಜಾರಿತೋ, ಮತ್ತೆ ಕಡಿತ! ಕೊನೆಗೆ ಕಾರು ನಿಂತೇಹೋಯಿತು. ಹಿಮದ ಹೂವು ಮಾತ್ರ ಫಲಕದಲ್ಲಿ ನಗುತ್ತಲೇ ಇತ್ತು.

ಆಮೇಲೆ ಕಿಟಕಿಯಾಚೆಯ ದೀಪದ ಕಂಬ ಮುಂದಕ್ಕೆ ನಡೆಯತೊಡಗಿತು.

ಕಂಬ ನಡೆಯುವುದಿಲ್ಲ ಎಂಬುದು ಹೊಳೆಯಲು ಲೊರಿಯಾನಳಿಗೆ ಒಂದು ಕ್ಷಣ ಬೇಕಾಯಿತು. ಕಾರು ಹಿಂದಕ್ಕೆ ಜಾರುತ್ತಿತ್ತು! ಬ್ರೇಕು ಒತ್ತಿದಳು. ಕಾಲಡಿಯಲ್ಲಿ ಕಟಕಟಕಟ ಎಂದು ಏನೋ ಹಲ್ಲು ಕಡಿಯಿತು, ಕಾರು ಮಾತ್ರ ಜಾರುತ್ತಲೇ ಇತ್ತು. ಕೈಗಳು ಸ್ಟೇರಿಂಗಿಗೆ ಅಂಟಿಕೊಂಡವು. ಹಿಂದೆ ಮಗು! ಅದರ ಹಿಂದೆ ಇಳಿಜಾರು! ಅದರ ಹಿಂದೆ ಕೊರೆಯುವ ನದಿ! ಕಾರು ಮೆಲ್ಲಗೆ, ಬಹಳ ಮರ್ಯಾದೆಯಿಂದ ಅಡ್ಡ ತಿರುಗಿ, ಚಳಿಗೆಂದು ಯಾರೋ ಗೋಣಿತಟ್ಟು ಸುತ್ತಿಟ್ಟ ಗುಲಾಬಿ ಗಿಡವೊಂದಕ್ಕೆ ಬೆನ್ನು ಒರಗಿಸಿ ನಿಂತಿತು. ಮೂತಿ ರಸ್ತೆಯ ಆ ಬದಿಗೆ, ಬಾಲ ಈ ಬದಿಗೆ. ಇಡೀ ಬೀದಿ ಬಂದ್!

ರೊಮಾನ್ ಖುಷಿಯಿಂದ ಚಪ್ಪಾಳೆ ತಟ್ಟಿತು. ಇನ್ನೊಂದು ಸಲ ಆಗಲಿ ಎಂಬಂತೆ!

ಗುಲಾಬಿ ಗಿಡದ ಯಜಮಾನ ಅದೆಲಾರ್ ಎಂಬ ಮುದುಕ ನಿಲುವಂಗಿಯ ಮೇಲೆ ಕೋಟು ತೊಟ್ಟು ಓಡಿಬಂದ.

"ಸ್ನೋ ಮೋಡ್ ಹಾಕಿದ್ದೀಯೇನಮ್ಮಾ?"

"ಹಾಕಿದ್ದೀನಿ!"

"ತೆಗಿ!"

ತೆಗೆದಳು. ಚಕ್ರಗಳು ಗರಗರ ಸುತ್ತಿ, ಕೆಳಗಿನ ಹಿಮವನ್ನು ಉಜ್ಜಿ ಕನ್ನಡಿ ಮಾಡಿದವು. ಕಾರು ಒಂದು ಮೊಳ ಕೆಳಗಿಳಿದು, ಗುಲಾಬಿಯನ್ನು ಅಪ್ಪಿಕೊಂಡಿತು.

"ಹಾಕು, ಹಾಕು!"

"ಈಗ ತಾನೇ ತೆಗಿ ಅಂದ್ರಲ್ಲ ತಾತ!"

"ಆಗಿನ ಮಾತು ಬೇರೆ, ಈಗಿನ ಮಾತು ಬೇರೆ! ಇರು, ಬೆಕ್ಕಿನ ಕಕ್ಕಸಿನ ಮರಳು ತರ್ತೀನಿ, ಚಕ್ರಕ್ಕೆ ಹಿಡಿತ ಸಿಗುತ್ತೆ."

ಚೀಲ ಹೊತ್ತು ತಂದು ಚಕ್ರದ ಮುಂದೆ ಸುರಿದ. ಮೇಲಿನ ಕಿಟಕಿಯಿಂದ ಅವನ ಹೆಂಡತಿಯ ಗಂಟಲು ಕೇಳಿಸಿತು: "ರೀ, ಎಲ್ಲ ಸುರಿದ್ರೆ ಬೆಕ್ಕು ಎಲ್ಲಿಗೆ ಹೋಗ್ಬೇಕು?"

"ಈ ಕಾರಿನ ಕೆಳಗೇ ಬರ್ಲಿ ಬಿಡೇ!"

ಚಕ್ರ ಒಮ್ಮೆ ಸುತ್ತಿತು. ಅಷ್ಟೂ ಮರಳು ಹಾರಿ ಮುದುಕನ ನಿಲುವಂಗಿಯನ್ನು ಸೇರಿತು. ಅದನ್ನು ಕೊಡವಲು ಬಗ್ಗಿದವನು ಚಕ್ರವನ್ನು ಹತ್ತಿರದಿಂದ ನೋಡಿ ಬೆಚ್ಚಿಬಿದ್ದ.

"ಅಯ್ಯೋ! ಇದು ಬೇಸಿಗೆ ಟೈರಮ್ಮಾ!"

ಆ ಕೂಗು ಚರ್ಚಿನ ಗಂಟೆಗಿಂತ ಚೆನ್ನಾಗಿ ಬೀದಿಗೆಲ್ಲ ಕೇಳಿಸಿತು. ಕಿಟಕಿಗಳ ಪರದೆ ಸರಿದವು. ಕೆಳಗೆ ಸಾಲುಗಟ್ಟಿ ನಿಂತ ಕಾರುಗಳಿಂದ ಒಂದೆರಡು ಹಾರ್ನ್ ಕೇಳಿಸಿತು. ಸುರಿಯುವ ಹಿಮದಲ್ಲಿ, ಮಂಜುಗಟ್ಟಿದ ಆ ಬದಿಯ ಗಾಜಿನಿಂದ ದೀಪಗಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಲೊರಿಯಾನಳಿಗೆ ಆ ದೀಪಗಳೆಲ್ಲ ತನ್ನನ್ನೇ ದುರುಗುಟ್ಟಿ ನೋಡುವ ಕಣ್ಣುಗಳಂತೆ ತೋರಿದವು.

ಹತ್ತಕ್ಕೆ ಇನ್ನು ಕಾಲು ಗಂಟೆಯೂ ಇರಲಿಲ್ಲ. ಏರಿನ ತುದಿಯಲ್ಲಿ ಶಿಶುವಿಹಾರದ ಹಳದಿ ಬಾಗಿಲು ಮಸುಕಾಗಿ ಕಾಣುತ್ತಿತ್ತು. ಕೂಗಿದರೆ ಕೇಳಿಸುವಷ್ಟು ಹತ್ತಿರ! ಮಗುವನ್ನೆತ್ತಿಕೊಂಡು ನಡೆದೇಬಿಡೋಣವೆಂದು ಲೊರಿಯಾನ್ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟಳು. ಕಾಲು ಅವಳನ್ನು ಕೇಳದೆ ಕಾರಿನಡಿಗೆ ಹೊರಟಿತು. ಬಾಗಿಲಿಗೆ ಜೋತುಬಿದ್ದು ಹೇಗೋ ಒಳಗೆ ಬಂದು ಕೂತಳು. ಮಗುವನ್ನೆತ್ತಿಕೊಂಡು ಇದರ ಮೇಲೆ? ಸಾಧ್ಯವೇ ಇಲ್ಲ. ಟ್ಯಾಕ್ಸಿಯವರಿಗೆ ಫೋನು ಮಾಡಿದರೆ, "ಮೇಡಂ, ಚರ್ಚಿನ ಬೀದೀಲಿ ಯಾವುದೋ ಕಾರು ಅಡ್ಡ ನಿಂತಿದೆಯಂತೆ, ಆ ಕಡೆ ಬರಲ್ಲ" ಎಂದರು. ತಿಯೆರಿ ಅಣೆಕಟ್ಟಿನ ಮೇಲೆ. ದೇವರು ಅದಕ್ಕೂ ಮೇಲೆ.

ಉಳಿದದ್ದು ಒಂದೇ ಹೆಸರು. ಬೆರಳು ಆ ಹೆಸರಿನವರೆಗೆ ಹೋಯಿತು, ಹಿಂದೆ ಬಂತು. ಕರೆದರೆ ಮಾನ ಹೋಗುತ್ತದೆ, ಕರೆಯದಿದ್ದರೆ ಜಾಗ ಹೋಗುತ್ತದೆ. ಕಿಟಕಿಯಾಚೆ ಅದೆಲಾರ್ ಗುಲಾಬಿ ಗಿಡಕ್ಕೆ ಸಮಾಧಾನ ಹೇಳುತ್ತಿದ್ದ. ರೊಮಾನ್ ತುಟಿ ಸೊಟ್ಟ ಮಾಡಿ ಅಳುವುದಕ್ಕೆ ಉಸಿರು ಎಳೆದುಕೊಂಡಿತು. ಲೊರಿಯಾನ್ ಕಣ್ಣುಮುಚ್ಚಿ ಒತ್ತಿಬಿಟ್ಟಳು.

ಮೊದಲ ರಿಂಗಿಗೇ ಎತ್ತಿದರು.

"ಅತ್ತೆ... ನಾನು ಚರ್ಚಿನ ಏರಿನಲ್ಲಿ..."

"ಗೊತ್ತು. ಆ ಕಡೆಯ ಕಿಟಕಿ ಒರೆಸ್ಕೊಂಡು ಕೆಳಗೆ ನೋಡು."

ಒರೆಸಿಕೊಂಡು ನೋಡಿದಳು. ಸಾಲಿನ ಮೊದಲಿಗೇ ಅತ್ತೆಯ ಹಳೇ ಕೆಂಪು ಕಾರು! ಒಳಗಿನಿಂದ ಉಣ್ಣೆಯ ಕೈಗವಸೊಂದು ಆಡುತ್ತಿತ್ತು.

"ಅತ್ತೆ! ನೀವು ಯಾವಾಗಿಂದ ಅಲ್ಲಿ?"

"ನಿಮ್ಮ ಮನೆ ತಿರುವಿನಿಂದ. ಕೆಳಗಿನ ರಸ್ತೇಲಿ ನೀನು ಚೆನ್ನಾಗೇ ಓಡಿಸಿದೆ ಬಿಡು."

"ಇಳಿದು ಬರಬಾರದಿತ್ತಾ?"

"ಕರೀದೆ ಬಂದ್ರೆ ಮೂಗು ತೂರಿಸ್ದೆ ಅಂತೀಯ, ಕರೆದ ಮೇಲೆ ಬಂದ್ರೆ ಸಹಾಯ ಅಂತೀಯ. ಅದಕ್ಕೇ ಕಾಯ್ತಾ ಕೂತಿದ್ದೆ. ಬರ್ತೀನಿ ಇರು, ಜಾರದ ಹಾಗೆ ನನ್ನ ಬೂಟಿನಡಿ ಕಬ್ಬಿಣದ ಮುಳ್ಳಿದೆ. ಮಗುವಿನ ಸೀಟು ಕಳಚಿಟ್ಕೋ. ಹಿಂದಿನ ಬೀದಿ ಸುತ್ತಿ ಹತ್ತಿಸ್ತೀನಿ."

"ಹತ್ತಾಗೇ ಹೋಗುತ್ತೆ ಅತ್ತೆ! ಜಾಗ ಹೋಯ್ತು!" ಲೊರಿಯಾನಳಿಗೆ ಅಳುವೇ ಬಂತು. "ನಿಮಗೇನೋ ಖುಷಿ. ಮಗು ನಿಮ್ಮ ಹತ್ತಿರಾನೇ ಇರುತ್ತೆ."

"ನನ್ನ ಹತ್ತಿರಾನಾ? ದಿನವಿಡೀನಾ?" ಅತ್ತೆಯ ದನಿ ಚೀರಿತು. "ಮಂಜುಗಡ್ಡೆ ಮೇಲೆ ಕಲ್ಲು ಜಾರಿಸೋ ನನ್ನ ಕರ್ಲಿಂಗ್ ಆಟ ಯಾರಾಡ್ತಾರೆ, ನಿಮ್ಮಪ್ಪನಾ? ಆ ಜಾಗ ಹೋಗೋಕೆ ನಾನು ಬಿಡ್ತೀನೇನೇ! ನಿರ್ದೇಶಕಿಗೆ ಆಗಲೇ ಫೋನ್ ಮಾಡಿದ್ದೀನಿ, ಅರ್ಧ ಗಂಟೆ ಕಾಯ್ತೀನಿ ಅಂದಿದ್ದಾಳೆ."

"ನಿಜವಾಗ್ಲೂ? ಏನಂತ ಹೇಳಿದ್ರಿ ಅತ್ತೆ?"

"ಏನಂತೀನಿ? ಯಾವಳೋ ತಲೆಕೆಟ್ಟವಳು ಬೇಸಿಗೆ ಟೈರಲ್ಲಿ ಬಂದು ಏರಿಗೆ ಅಡ್ಡ ನಿಂತ್ಬಿಟ್ಟಿದ್ದಾಳೆ, ಅವಳ ದೆಸೆಯಿಂದ ಪಾಪ ನನ್ನ ಸೊಸೆ ಸಿಕ್ಕಿಹಾಕ್ಕೊಂಡಿದ್ದಾಳೆ ಅಂದೆ!"