ಪಾರ್ಕಿನ ಗಾಡಿ, ಏರಿನ ದೇವರು

ಪಾರ್ಕಿನಲ್ಲಿ ಪೆಡಲ್ ಗಾಡಿ ತುಳಿಯುವವನು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಗೇಟಿನ ಹತ್ತಿರವೇ ಕಾದಿರುತ್ತದೆ, ಕರೆಯದಿದ್ದರೂ ಹತ್ತಿ ಕೂರುತ್ತದೆ.

ಮೊದಲು ಗಾಡಿಯ ವಿಷಯ ಹೇಳಿಬಿಡುತ್ತೇನೆ. ಕಾಡುಗೋಡಿಯ ನಮ್ಮ ಮನೆಯಿಂದ ಸ್ವಲ್ಪ ಆಚೆಗೆ ದೊಡ್ಡದೊಂದು ಪಾರ್ಕಾಗಿದೆ. ನಾನು ದನ ಮೇಯಿಸುತ್ತಿದ್ದ ಕಾಲಕ್ಕೆ ಅದು ನೀಲಗಿರಿ ತೋಪು. ಈಗ ಒಳಗೆ ನೀರಿನ ಕುಂಟೆ, ಬಿದಿರುಮೆಳೆ, ಸೇತುವೆ, ಕಲ್ಲುಬೆಂಚು ಎಲ್ಲ ಇದೆ. ಮೋಟಾರು ವಾಹನ ಬಿಡುವುದಿಲ್ಲ. ನಡೆಯಲಾರದವರಿಗೂ ನಡೆಯಲು ಮನಸ್ಸಿಲ್ಲದವರಿಗೂ ಮೂರು ಚಕ್ರದ ಪೆಡಲ್ ಗಾಡಿ ಇಟ್ಟಿದ್ದಾರೆ. ಮುಂದೆ ತುಳಿಯುವವನು, ಹಿಂದೆ ಬಟ್ಟೆಯ ಚಾವಣಿಯ ಕೆಳಗೆ ಇಬ್ಬರು. ಒಂದು ಸಲಕ್ಕೆ ಒಂದೇ ಪಾರ್ಟಿ, ಮಧ್ಯೆ ಬೇರೆಯವರನ್ನು ಹತ್ತಿಸುವಂತಿಲ್ಲ. ತುಳಿಯುವವನೇ ಗೈಡು, ಮರ ಗಿಡ ತೋರಿಸಿ ಕಥೆ ಹೇಳಬೇಕು. ಆ ತುಳಿಯುವವನು ನಾನು.

ನನಗಿದು ಹೊಟ್ಟೆಪಾಡಲ್ಲ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಬಾಡಿಗೆ ಮನೆಗಳಿವೆ. ನನ್ನ ಕೆಲಸವೆಂದರೆ ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೋಗುವವರನ್ನೂ ಬರುವವರನ್ನೂ ನೋಡುವುದು. ಕೂತು ಕೂತು ಶುಗರ್ ಬಂತು. "ಕಾಲಾಡಿಸಿ" ಅಂದರು ಡಾಕ್ಟರು. ಒಬ್ಬನೇ ನಡೆಯುವುದು ನನಗೆ ಬೇಜಾರು, ಮಾತಿಗೆ ಜನ ಬೇಕು. ಅದೇ ಹೊತ್ತಿಗೆ ಪಾರ್ಕಿನ ಮ್ಯಾನೇಜರು ಕನ್ನಡ, ತೆಲುಗು, ತಮಿಳು ಮೂರೂ ಬರುವ ಊರಿನವರು ಬೇಕು ಎಂದು ಹುಡುಕುತ್ತಿದ್ದರು. ಸೇರಿಕೊಂಡುಬಿಟ್ಟೆ. ಇಷ್ಟು ಖುಷಿಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿದ್ದಿಲ್ಲ.

ಖುಷಿಯಾಗದವಳು ನನ್ನ ಹೆಂಡತಿ. "ಮನೆ ಓನರ್ ಆಗಿ, ಕಂಡ ಕಂಡೋರ್ನ ಕೂರಿಸ್ಕೊಂಡು ಗಾಡಿ ತುಳೀತೀರಾ? ಗೌರಿ ಅಬ್ಬಕ್ಕೆ ನಮ್ಮಣ್ಣ ಬಾಗಿನ ತಗೊಂಡು ಬತ್ತಾನೆ. ಅಷ್ಟ್ರಲ್ಲಿ ಬಿಟ್ಟಿರ್ಬೇಕು. ಇಲ್ಲಾಂದ್ರೆ ಅವ್ನ ಮುಂದೆ ನಾನು ತಲೆ ಎತ್ತೋ ಅಂಗಿಲ್ಲ" ಎಂದು ಗಡುವು ಕೊಟ್ಟಳು. ಅವಳಣ್ಣ ವರ್ತೂರಿನಲ್ಲಿ ಮದುವೆ ಛತ್ರ ಕಟ್ಟಿಸಿದವನು. ಬಿಳಿ ಪಂಚೆಯ ಇಸ್ತ್ರಿ ಕೆಡದ ಹಾಗೆ ಕೂರುವುದನ್ನು ಅವನಿಂದ ಕಲಿಯಬೇಕು. ಅವನು ಒಂದು ಹುಬ್ಬು ಮೇಲೆತ್ತಿದರೂ ಇವಳಿಗೆ ಊಟ ಸೇರುವುದಿಲ್ಲ. ನಾನು ಗಾಡಿ ಬಿಡುವ ತನಕ ಪಾರ್ಕಿನೊಳಗೆ ಕಾಲಿಡುವುದಿಲ್ಲ ಎಂದೂ ಶಪಥ ಮಾಡಿದ್ದಳು. ನನಗೆ ಗಾಡಿ ಬಿಡಲು ಮನಸ್ಸಿಲ್ಲ, ತವರಿನವರ ಮುಂದೆ ಅವಳ ಮುಖ ಸಣ್ಣಗಾಗುವುದೂ ಬೇಕಿಲ್ಲ. ಹಬ್ಬ ಮಾತ್ರ ತನ್ನ ಪಾಡಿಗೆ ತಾನು ಹತ್ತಿರ ಬರುತ್ತಿತ್ತು.

ನಡೆದು ನೋಡಿದವರು

ನನ್ನ ಮೊದಲ ಭಾನುವಾರ ಹತ್ತಿದವರು ಕೊಪ್ಪಳದ ಕಡೆಯ ಗಂಡ ಹೆಂಡತಿ. ದೊಡ್ಡನೆಕ್ಕುಂದಿಯಲ್ಲಿ ಗಾರೆ ಕೆಲಸ, ವಾರಕ್ಕೊಂದು ರಜೆ. ಗಂಡ ಹೊಸ ಅಂಗಿ ಹಾಕಿದ್ದ, ಹೆಂಡತಿ ಇಳಕಲ್ ಸೀರೆ ಉಟ್ಟಿದ್ದಳು. ಇಬ್ಬರೂ ಬಹಳ ಉತ್ಸಾಹದಿಂದ ಹತ್ತಿ ಕೂತರು. ನಾನು ಹೊಂಗೆ ಮರದಿಂದ ಶುರು ಮಾಡಿದೆ.

ಸ್ವಲ್ಪ ದೂರ ಹೋಗುತ್ತಲೇ ಗಂಡ ಕೇಳಿದ. "ಯಣ್ಣಾ, ನಿಮ್ಮ ವಯಸ್ಸೆಷ್ಟ್ರೀ?"

ಹೇಳಿದೆ.

"ನಮ್ಮಪ್ಪನ ವಾರಿಗಿ ಆತು" ಎಂದು ಮೆಲ್ಲಗೆ ಹೆಂಡತಿಗೆ ಹೇಳಿದ. ಇಬ್ಬರ ಉತ್ಸಾಹ ಇಳಿದದ್ದು ನನಗೆ ಬೆನ್ನಿಗೇ ಗೊತ್ತಾಗುತ್ತಿತ್ತು.

ಪಾರ್ಕಿನ ನಡುವೆ ಒಂದು ಏರಿದೆ. ಅದು ಶುರುವಾಗುತ್ತಲೇ ಗಾಡಿ ಹಗುರಾಯಿತು. ತಿರುಗಿ ನೋಡಿದರೆ ಗಂಡ ಇಳಿದು ಹಿಂದಿನಿಂದ ತಳ್ಳುತ್ತಿದ್ದಾನೆ. ಕೂತ್ಕೊಳ್ಳಪ್ಪ ಎಂದರೆ, "ನೀವು ಹೇಳ್ರಿ, ಕೇಳಾಕತ್ತೀನಿ" ಅಂದ. ಇನ್ನೊಂದು ಗಳಿಗೆಗೆ ಹೆಂಡತಿಯೂ ಸೆರಗು ಸಿಕ್ಕಿಸಿಕೊಂಡು ಇಳಿದಳು. ಏರು ಮುಗಿಯಿತು, ಇನ್ನು ಇಳಿಜಾರು, ಈಗಲಾದರೂ ಹತ್ತಿ ಎಂದೆ.

"ಇಳುಕಲದಾಗ ಗಾಡಿ ಜೋರ್ ಹೊಕ್ಕೈತ್ರಿ, ನೀವು ಬಿದ್ದ್‌ಗಿದ್ದೀರಿ" ಎಂದು ಗಂಡ ಹಿಂದಿನಿಂದ ಎಳೆದು ಹಿಡಿದ.

ಹೀಗೆ ಅವರು ಪಾರ್ಕನ್ನೆಲ್ಲ ನಡೆದು ನೋಡಿದರು, ನಾನು ಗಾಡಿಯಲ್ಲಿ ಕೂತು ನೋಡಿದೆ. ಗೇಟಿಗೆ ಬಂದ ಮೇಲೆ ಹೆಂಡತಿ ನನ್ನ ಮುಖ ನೋಡಿ ಮರುಗಿ, "ಭಾಳ ದಣದೀರಿ ನೋಡ್ರಿ" ಎಂದು ನನಗೇ ಚಹಾ ಕೊಡಿಸಿದಳು.

ನಲ್ಲಿ

ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬ ಕಂಪನಿ ಹುಡುಗ ಬಾಡಿಗೆಗಿದ್ದಾನೆ. ಅವನ ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಅವನು ಫೋನು ಮಾಡಿದಾಗಲೆಲ್ಲ ನಾನು "ಪ್ಲಂಬರ್ ಊರಿಗೆ ಹೋಗಿದ್ದಾನಪ್ಪ" ಎನ್ನುತ್ತಿದ್ದೆ. ಬಾಡಿಗೆ ಮನೆ ಕಟ್ಟಿಸಿದವರೆಲ್ಲ ಹೇಳುವ ಮಾತು ಅದು, ನಾನೇನು ಹೊಸದಾಗಿ ಕಂಡುಹಿಡಿದದ್ದಲ್ಲ.

ಒಂದು ಶನಿವಾರ ಅವನು ತನ್ನ ಮ್ಯಾನೇಜರ್ ಮೇಡಂ ಜೊತೆ ಪಾರ್ಕಿಗೆ ಬಂದು ನನ್ನ ಗಾಡಿಯನ್ನೇ ಹತ್ತಿದ. ನನ್ನ ತಲೆಗೆ ಟೋಪಿ ಇದ್ದದ್ದರಿಂದ ಅವನಿಗೆ ಮೊದಲು ಗುರುತು ಹತ್ತಲಿಲ್ಲ. ನಾನು ಬಾಯಿ ಬಿಟ್ಟ ಮೇಲೆ ಅವನು ಸೀಟಿನ ತುದಿಗೆ ಸರಿದ.

"ಯಾಕೋ, ಇವ್ರು ಗೊತ್ತಾ ನಿಂಗೆ?" ಮೇಡಂ ಕೇಳಿದರು.

"ನಮ್ಮ ಮನೆ ಓನರ್ ಮೇಡಂ."

"ಹೌದಾ? ಅದೃಷ್ಟವಂತ ಕಣೋ. ನಮ್ಮ ಓನರ್ ಫೋನೇ ಎತ್ತಲ್ಲ. ನಿಮ್ಮೋರು ನೋಡು, ಕೈಗೆ ಸಿಕ್ಕಿದ್ದಾರೆ."

ಈ ಮಾತು ಅವನ ತಲೆಗೆ ಸರಿಯಾಗಿ ಹೋಯಿತು. ಓನರ್ ಪೆಡಲ್ ಮೇಲಿದ್ದಾನೆ, ಮಧ್ಯದಲ್ಲಿ ಇಳಿದು ಓಡುವ ಹಾಗಿಲ್ಲ.

"ಬಲಗಡೆ ನೋಡಿ ಮೇಡಂ, ಬಿದಿರುಮೆಳೆ. ಮೊದಲು ಇಲ್ಲಿ ನರಿ ಇರ್ತಿತ್ತು" ಅಂದೆ.

"ಅಂಕಲ್, ಆ ನಲ್ಲಿ ಇನ್ನೂ ಸೋರ್ತಾನೇ ಇದೆ" ಅಂದ.

"ಎಡಗಡೆ ಕುಂಟೆ. ನೀರು ಹೇಗೆ ನಿಂತಿದೆ ನೋಡಿ."

"ಬಾತ್‌ರೂಮಲ್ಲೂ ಹಿಂಗೇ ನಿಂತಿರತ್ತೆ ಅಂಕಲ್."

ಮೇಡಂಗೆ ಪಾರ್ಕಿಗಿಂತ ನಮ್ಮ ಮನೆಯೇ ಸ್ವಾರಸ್ಯವಾಗಿ ಕಂಡಿತು. ಟೆರೇಸಿನ ಬೀಗ ಯಾರ ಹತ್ತಿರ ಇರುತ್ತೆ ಎಂದು ತಾವೂ ಒಂದು ಪ್ರಶ್ನೆ ಕೇಳಿದರು.

ಮಾರನೆಯ ದಿನ ಪಾರ್ಕಿನ ಮ್ಯಾನೇಜರು ಫೋನಿನಲ್ಲಿ ಬಂದ ಅಭಿಪ್ರಾಯವನ್ನು ಓದಿ ಹೇಳಿದರು. "ಗೈಡ್ ತುಂಬಾ ಒಳ್ಳೆಯವರು. ನಲ್ಲಿ ಮಾತ್ರ ಇನ್ನೂ ಸೋರುತ್ತಿದೆ." ಪಾರ್ಕಿನಲ್ಲಿ ಯಾವ ನಲ್ಲಿ ಸೋರುತ್ತಿದೆ ಎಂದು ಅವರಿಗೆ ಚಿಂತೆ ಹತ್ತಿತು. ಒಬ್ಬ ಪ್ಲಂಬರನ್ನು ಕರೆಸಿ ಎಲ್ಲ ನಲ್ಲಿಗಳನ್ನೂ ತಿರುಗಿಸಿ ನೋಡಲು ಹೇಳಿದರು. ಸಂಜೆ ಅವನು ಒಂದೂ ಸೋರದ್ದನ್ನು ಕಂಡು ಬೇಸರದಿಂದ ಹೊರಡುತ್ತಿದ್ದ. ಗೇಟಿನಲ್ಲಿ ಹಿಡಿದುಕೊಂಡು, ಗಾಡಿಯಲ್ಲಿ ಕೂರಿಸಿ, ಸೀದಾ ನಮ್ಮ ಮನೆಗೆ ಕರೆದುಕೊಂಡು ಹೋದೆ.

ಬಕೆಟ್ ನೀರು

ಆ ಏರಿನ ತುದಿಯಲ್ಲಿ ಸೊಂಟದೆತ್ತರದ ಕಲ್ಲೊಂದಿದೆ. ಹಿಂದೆ ಜಮೀನು ಅಳತೆ ಮಾಡುವವರು ನೆಟ್ಟ ಬಾಂದುಕಲ್ಲು, ಈಚೆಗೆ ಒಬ್ಬರ ಗಡಿ, ಆಚೆಗೆ ಇನ್ನೊಬ್ಬರ ಗಡಿ. ಪಾರ್ಕು ಮಾಡಿದವರು ಅದನ್ನು ಕೀಳದೆ ಹಳದಿ ಬಣ್ಣ ಬಳಿದು ಬಿಟ್ಟಿದ್ದರು.

ಏರು ಹತ್ತುವಷ್ಟರಲ್ಲಿ ನನಗೆ ಏದುಸಿರು ಬಂದಿರುತ್ತದೆ. ಗಾಡಿ ನಿಲ್ಲಿಸಿ, ಬೆವತ ಕಾಲಿಗೆ ಗಾಳಿಯಾಡಲೆಂದು ಚಪ್ಪಲಿ ಬಿಟ್ಟು, ಕಲ್ಲಿನ ಮೇಲೆ ಎರಡೂ ಕೈ ಊರಿ, ತಲೆ ಬಗ್ಗಿಸಿ ನಿಲ್ಲುತ್ತೇನೆ. ಕಣ್ಣು ಮುಚ್ಚಿ ನಿಧಾನವಾಗಿ ಉಸಿರು ಎಣಿಸಿ ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ಮನಸ್ಸಿನಲ್ಲೇ ಎಣಿಸಿದರೂ ತುಟಿ ಅಲ್ಲಾಡುತ್ತದೆ.

ಒಂದು ದಿನ ಹೀಗೇ ಎಣಿಸಿ ಕಣ್ಣು ಬಿಟ್ಟರೆ, ಗಾಡಿಯಲ್ಲಿದ್ದ ವೈಟ್‌ಫೀಲ್ಡಿನ ಗಂಡ ಹೆಂಡತಿ ಶೂ ಬಿಚ್ಚಿ ನನ್ನ ಪಕ್ಕದಲ್ಲಿ ಕೈ ಮುಗಿದು ನಿಂತಿದ್ದಾರೆ.

"ಯಾವ ದೇವ್ರು ಸಾರ್ ಇದು?" ಗಂಡ ಕೇಳಿದ.

ಉತ್ತರ ಹೇಳಲು ಉಸಿರಿರಲಿಲ್ಲ. ತಾಳಿ ಎಂದು ಕೈ ಮೇಲೆತ್ತಿದೆ.

"ಹೆಸರು ಹೇಳಬಾರದು ಅನ್ಸತ್ತೆ" ಎಂದು ಹೆಂಡತಿ ಪಿಸುಗುಟ್ಟಿ ಮತ್ತೆ ಕಣ್ಣು ಮುಚ್ಚಿದಳು.

ಉಸಿರು ಬಂದ ಮೇಲೆ, "ಇದು ಗಡಿ ಕಲ್ಲು ಮೇಡಂ, ಅಷ್ಟೇ" ಎಂದು ಬಿಡಿಸಿ ಹೇಳಿದೆ. "ಗಡಿ ಕಾಯೋ ದೇವ್ರು ತಾನೆ? ನಮ್ಮಜ್ಜಿ ಊರಲ್ಲೂ ಇದೆ" ಎಂದು ಗಲ್ಲ ಬಡಿದುಕೊಂಡಳು. ಭಕ್ತಿ ಬಂದವರ ಹತ್ತಿರ ವಾದ ಮಾಡಲು ನಾನು ಯಾರು.

ಮುಂದಿನ ವಾರ ಕಲ್ಲಿಗೆ ಕುಂಕುಮ ಬಿತ್ತು. ಆಮೇಲೆ ನಿಂಬೆಹಣ್ಣು ಬಂತು. ಒಂದು ಕಂಪನಿಯ ಟೀಮಿನವರು ಅವರ ಯಾವುದೋ ಪ್ರಾಜೆಕ್ಟು ಸುಸೂತ್ರವಾಗಿ ಶುರುವಾಗಲಿ ಎಂದು ಸೇವಂತಿಗೆ ಹಾರ ಹಾಕಿ ಹೋದರು. ಅದು ಶುರುವಾಯಿತಂತೆ. ತೆಂಗಿನಕಾಯಿ ಹಿಡಿದುಕೊಂಡು ಮತ್ತೆ ಬಂದರು.

ಪಾರ್ಕಿನ ಮ್ಯಾನೇಜರಿಗೆ ಸಿಟ್ಟು ಬಂತು. ಇದನ್ನೆಲ್ಲ ಈಗಲೇ ತೊಳೆದುಬಿಡುತ್ತೇನೆ ಎಂದು ಬಕೆಟ್ ನೀರು ತುಂಬಿಕೊಂಡು ನನ್ನ ಗಾಡಿಯಲ್ಲೇ ಏರು ಹತ್ತಿದರು. "ಬರೀ ಕಲ್ಲು ಸಾರ್" ಎಂದೆ. "ನಂಗೊತ್ತಿಲ್ವೇನ್ರೀ" ಎಂದು ಬಕೆಟ್ ಎತ್ತಿದರು. ಎತ್ತಿದ್ದು ಹಾಗೇ ನಿಂತಿತು. ಮಾರನೆಯ ದಿನ ಅವರ ಮಗಳ ಪರೀಕ್ಷೆಯ ಫಲಿತಾಂಶ ಬರುವುದಿತ್ತು. ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿ, ನೀರನ್ನು ನಿಧಾನವಾಗಿ ಕಲ್ಲಿನ ನೆತ್ತಿಯ ಮೇಲೆ ಸುರಿದು ಕೈ ಮುಗಿದರು.

"ತೊಳೆದ ಹಾಗೂ ಆಯ್ತು, ಅಭಿಷೇಕ ಆದ ಹಾಗೂ ಆಯ್ತು" ಎಂದು ಖಾಲಿ ಬಕೆಟ್ ನನ್ನ ಕೈಗೆ ಕೊಟ್ಟರು.

ಹರಕೆ

ಹಬ್ಬಕ್ಕೆ ಇನ್ನು ಕೆಲವೇ ದಿನವಿತ್ತು. ಹಾಲಿನ ಬೂತಿನಲ್ಲೋ ಎಲ್ಲೋ, ಪಾರ್ಕಿನೊಳಗೆ ಒಂದು ದೇವರಿದೆ, ಬೇಡಿಕೊಂಡದ್ದು ಆಗುತ್ತದೆ ಎಂಬ ಸುದ್ದಿ ನನ್ನ ಹೆಂಡತಿಯ ಕಿವಿಗೂ ಬಿತ್ತು. ಒಂದು ಶುಕ್ರವಾರ ಬೆಳಿಗ್ಗೆ ನೋಡುತ್ತೇನೆ, ಶಪಥ ಮಾಡಿದ್ದವಳು ಪೂಜೆ ಬುಟ್ಟಿ ಹಿಡಿದು ಗೇಟಿನಲ್ಲಿ ನಿಂತಿದ್ದಾಳೆ. ಅವಳಿಗೆ ಮೊಣಕಾಲು ನೋವು. ಏರಿನವರೆಗೆ ನಡೆಯುವುದು ಆಗದ ಮಾತು. ಆ ಕಡೆ ಮುಖ ತಿರುಗಿಸಿಕೊಂಡೇ ಗಾಡಿ ಹತ್ತಿದಳು.

"ನಾನು ಬಂದಿರೋದು ದೇವ್ರಿಗೆ. ಗಾಡಿಗಲ್ಲ" ಎಂದಳು.

ಆಗಲಿ ಎಂದೆ. ಮದುವೆಯಾದ ಮೇಲೆ ನಾವಿಬ್ಬರೇ ಒಂದು ಗಾಡಿಯಲ್ಲಿ ಹೋದದ್ದು ಎಷ್ಟು ವರ್ಷದ ಹಿಂದೆ ಎಂದು ನೆನೆಸಿಕೊಂಡರೂ ನೆನಪಾಗಲಿಲ್ಲ. ಗೈಡಿನ ಮಾತು ಯಾವುದೂ ನಾಲಗೆಗೆ ಬರಲಿಲ್ಲ. ಕುಂಟೆಯ ಹತ್ತಿರ ಅವಳೇ, "ಇಲ್ಲೇ ಅಲ್ವಾ ನಾನು ಸೌದೆ ಹೊರೆ ಇಳಿಸಿ ನೀರು ಕುಡೀತಿದ್ದಿದ್ದು" ಎಂದಳು. ನನಗೆ ಬಹಳ ಸಂತೋಷವಾಯಿತು. ತೋರಿಸಿಕೊಳ್ಳದೆ ತುಳಿದೆ.

ಏರು ಹತ್ತಿ, ಎಂದಿನ ಹಾಗೆ ಕಲ್ಲಿನ ಮೇಲೆ ಕೈ ಊರಿ ಬಗ್ಗಿ ನಿಂತೆ. ಅವಳು ದೀಪ ಹಚ್ಚಿ, ಕಣ್ಣು ಮುಚ್ಚಿ, ನನಗೆ ಕೇಳುವ ಹಾಗೆಯೇ ಬೇಡಿಕೊಂಡಳು. "ಸ್ವಾಮಿ, ನಮ್ ಯಜಮಾನ್ರು ಈ ಗಾಡಿ ಬಿಡೋ ಅಂಗೆ ಮಾಡು. ಬಿಟ್ರೆ ಪ್ರತಿ ಶುಕ್ರವಾರ ಬಂದು ನಿಂಗೆ ದೀಪ ಅಚ್ಚುತೀನಿ."

ಇದು ಬಾಂದುಕಲ್ಲು ಕಣೇ ಎಂದು ಹೇಳಿಬಿಡೋಣ ಅನ್ನಿಸಿತು. ಉಸಿರಿರಲಿಲ್ಲ.

ಇಳಿಜಾರಿನಲ್ಲಿ ಉಸಿರು ವಾಪಸು ಬಂತು. "ಪ್ರತಿ ಶುಕ್ರವಾರ ಬರ್ತೀನಿ ಅಂದ್ಯಲ್ಲ, ಹೆಂಗೆ ಬರ್ತೀಯ?" ಎಂದು ಕೇಳಿದೆ.

"ಇಂಗೇ. ಗಾಡೀಲಿ."

"ನಾನು ಬಿಟ್ಟಿರ್ತೀನಲ್ಲ."

ಬಿದಿರುಮೆಳೆ ದಾಟಿತು, ಸೇತುವೆ ದಾಟಿತು. ಗೇಟು ಕಾಣಿಸತೊಡಗಿತು.

"ತಿರುಗ್ಸಿ" ಎಂದಳು.

"ಏನನ್ನ?"

"ಗಾಡಿ ತಿರುಗ್ಸಿ ಅಂದೆ. ಅರಕೆ ಬದಲಾಯಿಸ್ಬೇಕು."

ಎರಡನೇ ಸಲ ಆ ಏರು ನನಗೆ ಏರು ಅನ್ನಿಸಲೇ ಇಲ್ಲ. ಅವಳು ಮತ್ತೆ ಕೈ ಮುಗಿದಳು. "ಸ್ವಾಮಿ, ಮೊದ್ಲು ಯೋಳಿದ್ದು ಮನಸಲ್ಲಿ ಇಟ್ಕೋಬೇಡ. ಗಾಡಿ ಇರ್ಲಿ. ಅಬ್ಬದ ದಿನ ನಮ್ಮಣ್ಣ ಮಾತ್ರ ಏನೂ ಅನ್ನದ ಅಂಗೆ ನೋಡ್ಕೊ. ದೀಪ ಅದೇ ದೀಪ." ಆ ದಿನ ನಾನೂ ಆ ಕಲ್ಲಿಗೆ ಕೈ ಮುಗಿದೆ.

ಗೌರಿ ಹಬ್ಬದ ದಿನ ಅಣ್ಣ ಬಂದ. ಬಾಗಿನ ಕೊಟ್ಟ, ಒಬ್ಬಟ್ಟು ತಿಂದ, ಪಂಚೆ ಸರಿಮಾಡಿಕೊಂಡು ಕೂತ. ನಾವಿಬ್ಬರೂ ಅವನ ಹುಬ್ಬನ್ನೇ ನೋಡುತ್ತಿದ್ದೆವು. ಕೊನೆಗೆ ಅವನು ಗಂಟಲು ಸರಿಮಾಡಿಕೊಂಡ.

"ಭಾವ, ನಿಮ್ಮೂರ ಪಾರ್ಕಲ್ಲಿ ಒಂದು ದೇವರೈತಂತಲ್ಲ, ಭಾರಿ ಪವರ್ ಅಂತೆ. ನಮ್ ಛತ್ರಕ್ಕೆ ಈ ಸಲ ಯಾಕೋ ಮದುವೇನೇ ಬತ್ತಿಲ್ಲ. ಒಂದು ಕೈ ಮುಗುದು ಓಗಾನ ಅಂತ. ಆದ್ರೆ ಶಾನೆ ದೂರ ನಡೀಬೇಕಂತೆ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಬಾಗಿನದ ಮೊರವನ್ನು ಪಕ್ಕಕ್ಕಿಟ್ಟು ತಲೆ ಎತ್ತಿದಳು.

"ನಡೆಯೋದ್ಯಾಕಣ್ಣ, ಗಾಡಿ ಐತೆ."

"ಗಾಡಿನಾ? ಯಾರ್ದು?"

"ನಮ್ದೇ" ಎಂದಳು. "ಇವ್ರೇ ತುಳೀತಾರೆ. ಬೇರೆಯೋರು ತುಳುದ್ರೆ ಆ ದೇವ್ರು ಒಲಿಯಲ್ಲ."