ಭಾವನ ಗಾಜಿನ ಬುರುಡೆ

ನಮ್ಮ ಭಾವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಒಳ್ಳೆಯ ಗುಣ ಅಂದುಕೊಂಡಿರಾ? ರೋಗ! ಅಕ್ಕನ ಮನೆಯಲ್ಲಿದ್ದ ನನ್ನನ್ನು ನೋಡಲು ಬೇರಿಗೆ ಊರಿನಿಂದ ಬಂದ ಗಂಡಿನವರು "ಹುಡುಗೀಗೆ ಹಾಡು ಬತ್ತದಾ?" ಎಂದು ಕೇಳಿದರೆ, "ಬರಲ್ಲ. ಆದ್ರೂ ಹಾಡ್ತಾಳೆ" ಎಂದುಬಿಟ್ಟರು. ಉಪ್ಪಿಟ್ಟು ತಿನ್ನುತ್ತಿದ್ದವರ ಕೈಗಳು ಹಾಗೇ ನಿಂತವು.

ಹೊಸೂರಿನಲ್ಲಿ ವಿಜ್ಞಾನದ ಮೇಷ್ಟರು ಅವರು. ಮಹಾಯುದ್ಧ ಮುಗಿದ ಹೊಸದರಲ್ಲಿ ಬೆಂಗಳೂರಿನ ಮಿಲಿಟರಿ ಸಾಮಾನಿನ ಹರಾಜಿಗೆ ಹೋಗಿ, ಗಾಳಿ ತೆಗೆದ ಗಾಜಿನ ಬುರುಡೆ, ತಂತಿಯ ಸುರುಳಿ, ಲಾರಿಯ ಬ್ಯಾಟರಿ, ಅಯಸ್ಕಾಂತ ಎಲ್ಲ ತಂದು ಬಾಗಲೂರಿನ ಮನೆಯ ರಾಗಿ ಕೋಣೆಯಲ್ಲಿ ಗುಡ್ಡೆ ಹಾಕಿದರು. ಏತಕ್ಕೆ? ವಿದ್ಯುತ್ತಿನ ಕಣಗಳನ್ನು ಸೆರೆ ಹಿಡಿಯಲು!

"ಗಾಜಿಗೆ ತಗುಲಿದ್ರೆ ಅವುಗಳ ಕತೆ ಮುಗೀತು ಕಣೇ. ಸುತ್ತ ಅಯಸ್ಕಾಂತ, ಎರಡೂ ತುದೀಲಿ ಕರೆಂಟು. ಎಲ್ಲೂ ತಗುಲ್ದಂಗೆ ನಡುವೆ ನಿಲ್ಲಿಸ್ಬೇಕು" ಎಂದು ಅಕ್ಕನಿಗೆ ವಿವರಿಸಿದರು.

"ಗೂಟಕ್ಕೆ ಕಟ್ಟಿದ ಎಮ್ಮೇನೇ ನಿಲ್ಸಾಕಾಗಲ್ಲ, ಕಣ್ಣಿಗೆ ಕಾಣ್ದುದ್ನ ಗೂಟಾನೂ ಇಲ್ದೆ ನಿಲ್ಲಿಸ್ತೀರಾ?" ಎಂದಳು ಅಕ್ಕ. ಮರುದಿನ ರಾಗಿ ತೆಗೆಯಲು ಹೋಗಿ ಸುರುಳಿಯ ತಂತಿ ಮುಟ್ಟಿ, ಕರೆಂಟು ಹೊಡೆದು ಮೊರದ ಸಮೇತ ಹೊಸ್ತಿಲಾಚೆ ಬಿದ್ದಳು! ಭಾವ ಓಡಿ ಬಂದರು. "ಬ್ಯಾಟ್ರಿ ಚೆನ್ನಾಗೈತೆ" ಎಂದರು.

ಬಾಣಂತನದಲ್ಲಿ ಸತ್ತವಳು ದೆವ್ವವಾಗುತ್ತಾಳೆಂದು ಮಂತ್ರವಾದಿ ಅವಳನ್ನು ಸೀಸೆಯಲ್ಲಿ ಕಟ್ಟಿ ಹೂಳುವುದು ನಮ್ಮ ಕಡೆಯ ರೂಢಿ. ಮೇಷ್ಟರು ಕಾಣದ್ದನ್ನು ಗಾಜಿನಲ್ಲಿ ಹಿಡಿಯುತ್ತಾರಂತೆ ಎಂದರೆ ಊರಿಗೆ ಇನ್ನೇನು ಅರ್ಥವಾದೀತು? ನಿಂಬೆಹಣ್ಣು, ಕಪ್ಪುಕೋಳಿ ಹಿಡಿದು ಬಂದರು! "ದೆವ್ವ ಅಂಬೋದೇ ಸುಳ್ಳು, ನಡೀರಿ!" ಎಂದು ಭಾವ ಕೂಗಾಡಿ ಅಟ್ಟುತ್ತಿದ್ದರು.

ಮೂರು ವರ್ಷ ಒದ್ದಾಡಿದ ಮೇಲೆ ಒಂದು ಸಂಜೆ ಬುರುಡೆಯ ನಡುವೆ ನೇರಳೆ ಬೆಳಕೊಂದು ಗಾಜಿಗೆ ತಗುಲದೆ ನಡುಗುತ್ತ ನಿಂತಿತು. ಭಾವನ ಕಣ್ಣಲ್ಲಿ ನೀರು. ಅಕ್ಕ, ನಾನು ನೋಡುತ್ತಿದ್ದೆವು. ಹಾಲು ತಂದ ಮುನಿಯಮ್ಮನೂ ಹೊಸ್ತಿಲಲ್ಲಿ ನಿಂತು ನೋಡಿದಳು. ಅವಳ ಒಬ್ಬಳೇ ಮಗಳು ಹೆರಿಗೆಯಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು.

"ಸಾಮೇರೇ, ನನ್ ಮಗ್ಳನ್ನ ಸೀಸೇಲಿ ಕಟ್ಬುಟ್ಟೆ ಅಂದ ಮಂತ್ರದೋನು. ಎಲ್ಲಿ ಅಂತ ಹೇಳ್ಲಿಲ್ಲ. ಇವ್ಳೇನಾ? ಗಾಜು ಮುಟ್ಟಾಕೂ ಎದ್ರುಕೊಂಡವ್ಳೆ. ಬುಟ್ಬುಡಿ ಸಾಮಿ, ಬಾಣಂತಿ ಅವ್ಳು."

ಈಗ ಕೂಗುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಕೂಗು ಬರಲಿಲ್ಲ. ಕಣ್ಣು ಬಿಟ್ಟರೆ ಭಾವ ಇಕ್ಕಳ ಹಿಡಿದಿದ್ದರು. ಬುರುಡೆಯ ಚೂಪು ತುದಿಯನ್ನು ಟಣ್ಣನೆ ಮುರಿದೇಬಿಟ್ಟರು! ಸುಯ್ ಎಂದು ಗಾಳಿ ನುಗ್ಗಿತು. ಬೆಳಕು ಹೋಯಿತು. ಅಂಥದ್ದೊಂದು ಬುರುಡೆ ಮತ್ತೆ ಸಿಗುವಂತಿರಲಿಲ್ಲ. ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಹೋದ್ಲು ಕಣಮ್ಮಾ. ಇನ್ನ ಅವಳನ್ನ ಯಾರೂ ಕಟ್ಟಾಕಾಗಲ್ಲ" ಎಂದರು ಭಾವ.

ಮುನಿಯಮ್ಮ ಹೊಸ್ತಿಲಿಗೆ ಹಣೆ ಹಚ್ಚಿ, ಹಗುರಾಗುವಷ್ಟು ಅತ್ತು ಎದ್ದು ಹೋದಳು.

"ಸುಳ್ಳು ಹೇಳ್ಬುಟ್ರಲ್ಲ ಭಾವ!" ಎಂದೆ.

ಅವರು ಗಾಜಿನ ಚೂರನ್ನು ಪಂಚೆಯ ಚುಂಗಿಗೆ ಆಯ್ದುಕೊಳ್ಳುತ್ತ, ತಲೆ ಎತ್ತದೆ ಕೇಳಿದರು: "ಸರಿಯಾಗಿ ಹೇಳಿದ್ನಾ?"